ಓಣಿಗೆ ಸಿಸಿ ರೋಡ್ ಬರುವ ಮುಂಚೆ ಗಿಡಕ್ಕೂ ಜಾಗ ಕೇಳಿ

ಜೂನ್ 5ರಂದು ಗಿಡ ನೆಡುವವರಿಗೆ ನಮ್ಮ ವಿಜಯಪುರದಲ್ಲಿ ಕೊರತೆಯಿಲ್ಲ. ಹಾರೆ, ಸಲಿಕೆ, ಬ್ಯಾನರು, ಫೋಟೋ ಎಲ್ಲ ಆಗುತ್ತದೆ. ಆದರೆ ರಸ್ತೆ ಬದಿಯ ಗಿಡ ಉಳಿಯುತ್ತದೋ ಒಣಗುತ್ತದೋ ಅನ್ನುವುದು ಅದಕ್ಕೂ ಬಹಳ ಮೊದಲೇ ನಿರ್ಧಾರವಾಗಿರುತ್ತದೆ. ಜೆಸಿಬಿ ಓಣಿಗೆ ಬಂದ ವಾರ, ಗಟಾರು ಇಲ್ಲಿ, ಕರ್ಬ್ ಕಲ್ಲು ಅಲ್ಲಿ, ಪೇವರ್ಸ್ ಕಂಪೌಂಡಿನ ತನಕ ಎಂದು ಸುಣ್ಣದ ಗೆರೆ ಎಳೆಯುತ್ತಾರಲ್ಲ, ಆಗ.

ನಾನು ರಸ್ತೆ ಕೆಲಸಗಳ ಮೇಲೆ ವರ್ಕ್ ಇನ್ಸ್‌ಪೆಕ್ಟರ್ ಆಗಿ ನೌಕರಿ ಮುಗಿಸಿದವನು. ಈಗ ಸೋಲಾಪುರ ರಸ್ತೆಯ ಆಚೆ ಒಂದು ಬಡಾವಣೆಯಲ್ಲಿ ಇದ್ದೇನೆ. "ಸರ, ನಮ್ಮ ಓಣಿಗೆ ರೋಡ್ ಮಂಜೂರಾಗೇದ, ನಾವ್ ಏನ್ ನೋಡ್ಕೋಬೇಕ್ರಿ?" ಎಂದು ಆಗಾಗ ಯಾರಾದರೂ ಗೇಟಿನ ಹತ್ತಿರ ಬಂದು ಕೇಳುತ್ತಾರೆ. ಎಲ್ಲರಿಗೂ ಹೇಳುವುದು ಒಂದೇ ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಎಸ್ಟಿಮೇಟ್ ಕೈಗೆ ಬರಲಿ

ಕೆಲಸ ಶುರುವಾಗುವ ಮುಂಚೆ ವಾರ್ಡಿನ ಜೆಇ (ಕಿರಿಯ ಎಂಜಿನಿಯರ್) ಅವರನ್ನು ಕಂಡು ಎಸ್ಟಿಮೇಟಿನ ಪ್ರತಿ ಕೇಳಿ. ಒಬ್ಬರೇ ಹೋಗಬೇಡಿ, ಓಣಿಯ ನಾಲ್ಕು ಮನೆಯವರು ಸೇರಿ ಹೋಗಿ. ಕಾರ್ಪೊರೇಟರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಕೊಡುತ್ತಾರೆ. ಇವತ್ತು ನಾಳೆ ಎನ್ನುತ್ತಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ, ಹಾಗಾಗಿ ಊರಿನ ದೂರೆಲ್ಲ ಅದರೊಳಗೆ ತುರುಕಬೇಡಿ. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು: 2005ರ ಆ ಕಾಯ್ದೆಯಲ್ಲಿ ದಾಖಲೆ ಕೇಳುವ ಹಕ್ಕಷ್ಟೇ ಇಲ್ಲ, ನಡೆಯುತ್ತಿರುವ ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇದನ್ನು ಸಮಾಧಾನದಿಂದ ಒಂದು ಸಲ ನೆನಪಿಸಿದರೆ ಸಾಕು, ಗುತ್ತೇದಾರರ ಮುಕಾದಮನ ಮಾತಿನ ಧಾಟಿ ಬದಲಾಗುತ್ತದೆ.

ಎಸ್ಟಿಮೇಟಿನಲ್ಲಿ ಹುಡುಕಬೇಕಾದ್ದು: ಹಳೆಯ ರಸ್ತೆಯನ್ನು ಅಗೆದು ತೆಗೆಯುತ್ತಾರೋ, ಅದರ ಮೇಲೇ ಹಾಕುತ್ತಾರೋ. ಗಟಾರು ಸೇರಿದೆಯೋ ಇಲ್ಲವೋ. ಗಿಡದ ಗುಂಡಿ ಅಥವಾ ಟ್ರೀ ಗಾರ್ಡ್ ಎಂಬ ಬಾಬತ್ತು ಎಲ್ಲಾದರೂ ಇದೆಯೋ. ಕೊನೆಯದ್ದು ಹೆಚ್ಚಾಗಿ ಇರುವುದಿಲ್ಲ. ಇಲ್ಲದಿದ್ದರೆ ಗಾಬರಿ ಬೇಡ. ಪೇವರ್ಸ್ ಹಾಕುವಾಗ ಅಲ್ಲಲ್ಲಿ ಚೌಕ ಖಾಲಿ ಬಿಡುವುದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಅಷ್ಟು ಪೇವರ್ಸ್ ಉಳಿಯುತ್ತವೆ ಅಷ್ಟೇ. ಅದನ್ನು ಬರಹದಲ್ಲಿ ಕೇಳಿ, ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಳ್ಳಿ.

ಮಟ್ಟ: ಎಲ್ಲಕ್ಕಿಂತ ಮುಖ್ಯವಾದದ್ದು

ಹಳೆಯ ಓಣಿಗಳಲ್ಲಿ ಹೊಸ್ತಿಲು ರಸ್ತೆಗಿಂತ ಕೆಳಗಿರುವ ಮನೆಗಳನ್ನು ನೀವೂ ನೋಡಿರುತ್ತೀರಿ. ಮನೆ ಕುಸಿದಿಲ್ಲ, ರಸ್ತೆ ಏರಿದೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ಪ್ರತಿ ಸಲ ನಾಲ್ಕೋ ಆರೋ ಇಂಚು ಏರಿದರೆ ಮೂರನೇ ಸಲಕ್ಕೆ ಮಳೆನೀರು ನೇರ ಪಡಸಾಲೆಗೆ. ಗಿಡದ ಗತಿಯೂ ಅದೇ. ಕಾಂಡದ ಬುಡಕ್ಕೆ ಒಂದು ಅಡಿ ಮಣ್ಣು, ಖಡಿ ಏರಿಸಿದರೆ ಬೇರಿಗೆ ಗಾಳಿ ಸಿಗದೆ ದೊಡ್ಡ ಬೇವೂ ಎರಡು ಮೂರು ವರ್ಷದಲ್ಲಿ ತುದಿಯಿಂದ ಒಣಗುತ್ತ ಬರುತ್ತದೆ. ಆಗ ರಸ್ತೆ ಕೆಲಸವನ್ನು ಯಾರೂ ನೆನೆಯುವುದಿಲ್ಲ, "ಗಿಡಕ್ಕ ರೋಗ ಬಂದಾದ" ಎನ್ನುತ್ತಾರೆ.

ಮಟ್ಟ ನೋಡುವುದಕ್ಕೆ ಎಂಜಿನಿಯರು ಬೇಕಿಲ್ಲ. ಗೌಂಡಿಗಳ ಹತ್ತಿರ ತೆಳ್ಳನೆಯ ಪಾರದರ್ಶಕ ಲೆವೆಲ್ ಪೈಪು ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ. ನೀರು ತುಂಬಿ, ಎಲ್ಲೂ ಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ. ಗುಳ್ಳೆ ಇದ್ದರೆ ಅಳತೆ ಸುಳ್ಳಾಗುತ್ತದೆ. ನಿಮ್ಮ ಮನೆಯ ಜೋತೆ, ಅಂದರೆ ಗೋಡೆ ಏಳುವ ಬುನಾದಿ ಕಟ್ಟೆಯ, ಅಂಚಿನಲ್ಲಿ ಬಣ್ಣದಿಂದ ಒಂದು ಗುರುತು ಹಾಕಿ, ಪೈಪಿನ ಒಂದು ತುದಿಯ ನೀರು ಆ ಗುರುತಿಗೆ ನಿಲ್ಲುವಂತೆ ಒಬ್ಬರು ಹಿಡಿಯಲಿ. ಇನ್ನೊಬ್ಬರು ಮತ್ತೊಂದು ತುದಿ ಹಿಡಿದು ರಸ್ತೆ ನಡುವೆ ನಿಲ್ಲಿಸಿದ ಕೋಲಿಗೆ ಒತ್ತಬೇಕು. "ಜರಾ ಕೆಳಗ ತಾ... ಇನ್ನೊಂದು ಚೂರು... ಹಾಂ, ಅಲ್ಲೇ ಹಿಡಿ" ಎಂದು ನೀರು ಅಲುಗಾಡುವುದು ನಿಲ್ಲುವ ತನಕ ಕಾದು ಕೋಲಿನ ಮೇಲೆ ಗೆರೆ ಎಳೆಯಿರಿ. ಆ ಗೆರೆಯಿಂದ ನೆಲಕ್ಕೆ ಟೇಪು ಹಿಡಿದರೆ ಇವತ್ತಿನ ರಸ್ತೆ ನಿಮ್ಮ ಜೋತೆಗಿಂತ ಎಷ್ಟು ಕೆಳಗಿದೆ ಎಂಬ ಲೆಕ್ಕ ಸಿಕ್ಕಿತು. ಅದನ್ನು ಗೋಡೆಯ ಮೇಲೇ ತಾರೀಕು ಸಮೇತ ಬರೆದು ಫೋಟೋ ತೆಗೆದಿಡಿ. ಕೆಲಸ ನಡೆಯುವಾಗ ಫಾರ್ಮಾ (ಕಾಂಕ್ರೀಟು ಸುರಿಯಲು ಅಂಚಿಗೆ ನಿಲ್ಲಿಸುವ ಚೌಕಟ್ಟು) ಕಟ್ಟಿದ ದಿನ ಮತ್ತೆ ಅಳೆಯಿರಿ. ಕಾಂಕ್ರೀಟು ಬಿದ್ದ ಮೇಲೆ ಅಳೆದು ಪ್ರಯೋಜನವಿಲ್ಲ.

ಅಡ್ಡ ಇಳಿಜಾರನ್ನೂ ಇದೇ ಪೈಪಿನಿಂದ ನೋಡಬಹುದು. ಒಂದು ಮೀಟರಿಗೆ ಎರಡು ಸೆಂಟಿಮೀಟರು ಎಂಬ ಲೆಕ್ಕ ಇಟ್ಟುಕೊಳ್ಳಿ. ಇಪ್ಪತ್ತು ಅಡಿ ರಸ್ತೆಯಾದರೆ ನಡುಭಾಗ ಅಂಚಿಗಿಂತ ಸುಮಾರು 6 ಸೆಂ.ಮೀ. ಎತ್ತರವಿರಬೇಕು. ಇದಿಲ್ಲದ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಮಿಕ್ಕದ್ದನ್ನು ಲಾರಿ ಟೈರು ಮಾಡುತ್ತದೆ.

ನಮ್ಮಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನ ಕೆಲವೇ ದಿನಗಳಲ್ಲಿ ಧೋ ಎಂದು ಸುರಿದು ಹೋಗುತ್ತದೆ. ಆ ನೀರನ್ನೆಲ್ಲ ಗಟಾರಿಗೆ ಕಳಿಸಿ, ಏಪ್ರಿಲಿನಲ್ಲಿ ಕೊಲ್ಹಾರದಿಂದ ಬಂದ ಕೃಷ್ಣೆಯ ನೀರನ್ನು ಗಿಡಕ್ಕೆ ಹಾಕುವುದು ಎಂಥ ಲೆಕ್ಕಾಚಾರ? ಗಿಡದ ಗುಂಡಿ ಇರುವ ಕಡೆ ಕರ್ಬ್ ಕಲ್ಲಿನಲ್ಲಿ ಅಂಗೈ ಅಗಲದ ಸಂದಿ ಬಿಡಿಸಿ. ಗುಂಡಿಯ ಮಣ್ಣು ರಸ್ತೆ ಅಂಚಿಗಿಂತ ಮೂರು ನಾಲ್ಕು ಇಂಚು ತಗ್ಗಿರಲಿ. ರಸ್ತೆಯ ನೀರು ಒಳಗೆ ನುಗ್ಗಿ, ತುಂಬಿದ ಮೇಲೆ ಮುಂದಕ್ಕೆ ಹರಿಯುತ್ತದೆ. ನಮ್ಮ ಊರಿನ ಅಲಂಕಾರದ ಗುಂಡಿಗಳೆಲ್ಲ ಇದಕ್ಕೆ ಉಲ್ಟಾ: ಸುತ್ತ ಇಟ್ಟಿಗೆ ಕಟ್ಟೆ, ಮೇಲೆ ಕೆಂಪು ಬಿಳಿ ಬಣ್ಣ, ಒಳಗೆ ದಿಬ್ಬದ ಹಾಗೆ ಮಣ್ಣು. ನೋಡಲು ಚೆಂದ, ಒಂದು ಹನಿ ಮಳೆನೀರೂ ಒಳಗೆ ಹೋಗುವುದಿಲ್ಲ.

ಎರೆ ಮಣ್ಣಿನ ಚಾಳಿ

ಶಿವರಾತ್ರಿ ದಾಟಿದ ಮೇಲೆ ಖಾಲಿ ಸೈಟಿನಲ್ಲಿ ಬಿರುಕು ನೋಡಿ, ಮುಂಗೈ ತನಕ ಕೈ ಇಳಿಯುತ್ತದೆ. ಅದೇ ನೆಲ ಮಳೆ ಕುಡಿದರೆ ಹಿಟ್ಟು ನಾದಿದ ಹಾಗೆ ಉಬ್ಬುತ್ತದೆ. ಹೀಗೆ ವರ್ಷಕ್ಕೊಮ್ಮೆ ಏರಿ ಇಳಿಯುವ ನೆಲದ ಮೇಲೆ ನೇರವಾಗಿ ಖಡಿ ಹರವಿ ಕಾಂಕ್ರೀಟು ಹಾಕಿದರೆ ಉದ್ದುದ್ದ ಸೀಳು ಬಿಡದೆ ಇನ್ನೇನಾದೀತು? ಎರೆ ಇರುವ ಕಡೆ ಒಂದೂವರೆ ಎರಡು ಅಡಿಯಾದರೂ ತೆಗೆದು ಒಳ್ಳೆಯ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ಪದರ ಪದರವಾಗಿ ನೀರು ಹೊಡೆದು ರೋಲರ್ ಓಡಿಸಬೇಕು. ಒಂದೇ ಸಲ ಎರಡಡಿ ಸುರಿದು ಮೇಲೆ ರೋಲರ್ ಆಡಿಸಿದರೆ ಅದು ತೋರಿಕೆಗೆ. ಊರಿನ ಕೆಲವು ಭಾಗದಲ್ಲಿ ಎರಡು ಅಡಿಗೇ ಕರಿಕಲ್ಲು ಸಿಗುತ್ತದೆ. ಅಂಥಲ್ಲಿ ರಸ್ತೆಗೆ ಚಿಂತೆಯಿಲ್ಲ, ಚಿಂತೆಯೆಲ್ಲ ಗಿಡದ ಗುಂಡಿಗೆ.

ಸಿಸಿ, ಅಂದರೆ ಸಿಮೆಂಟ್ ಕಾಂಕ್ರೀಟ್, ರಸ್ತೆ ಗಟ್ಟಿಯಾಗಲು ಅದರ ಮೇಲೆ ಕನಿಷ್ಠ 14 ದಿನ ನೀರು ನಿಲ್ಲಬೇಕು. ಮಣ್ಣಿನ ಬದು ಕಟ್ಟಿ ಮಡಿ ಮಾಡಿ ನಿಲ್ಲಿಸುವುದೇ ನಂಬಿಕೆಯ ಕೆಲಸ. ಟ್ಯಾಂಕರಿನವನು ಬೆಳಿಗ್ಗೆ ಒಮ್ಮೆ ಚಿಮುಕಿಸಿ ಹೋದರೆ ನಮ್ಮ ಬಿಸಿಲಿಗೆ ಹತ್ತು ಗಂಟೆಗೇ ಆರಿರುತ್ತದೆ. ಓಣಿಯ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಯಾವ ಇನ್ಸ್‌ಪೆಕ್ಟರಿಗಿಂತ ಮೇಲು. ಮಡಿ ಒಣಗಿದ್ದು ಕಂಡ ಕೂಡಲೇ ಫೋನು ಹಚ್ಚುತ್ತಾರೆ.

ಕಾಂಕ್ರೀಟಿಗೆ ಮುಂಚೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ನಳದ ಕನೆಕ್ಷನ್ ಇಲ್ಲದ ಮನೆ, ಒಳಚರಂಡಿಗೆ ಸೇರದ ಮನೆ, ನಾಳೆ ಕಟ್ಟಲಿರುವ ಖಾಲಿ ಸೈಟು, ಎಲ್ಲದರ ಪಟ್ಟಿ ಮಾಡಿ. ಕನೆಕ್ಷನ್ ಈಗಲೇ ಆಗದಿದ್ದರೆ ಕಡೇ ಪಕ್ಷ ರಸ್ತೆಯ ಅಡಿಯಲ್ಲಿ ಅಡ್ಡಕ್ಕೆ ನಾಲ್ಕಿಂಚಿನ ಖಾಲಿ ಪೈಪು ಹುಗಿಸಿ, ಎರಡೂ ತುದಿಗೆ ಬೂಚು ಬಡಿದು ಗೋಡೆಯ ಮೇಲೆ ಗುರುತು ಹಾಕಿ. ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಊರೊಳಗೆ ನೀರು ತಂದ ಆದಿಲ್‌ಶಾಹಿ ಕಾಲದವರು ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂಬ ಗೋಪುರ ಕಟ್ಟಿಟ್ಟಿದ್ದರು. ನೀರಿನ ಒತ್ತಡ ತಗ್ಗುತ್ತಿತ್ತು, ಹೂಳು ಅಲ್ಲೇ ಕೂರುತ್ತಿತ್ತು. ನೆಲದಡಿಯ ಕೊಳವೆಗೆ ಮೇಲಿನಿಂದ ಕೈ ಹಾಕಲು ಜಾಗ ಬೇಕು ಎಂಬುದು ಹದಿನೇಳನೇ ಶತಮಾನದಲ್ಲೇ ಗೊತ್ತಿತ್ತು. ನಾವು ಹೊಸ ರಸ್ತೆ ಹಾಕಿದ ತಿಂಗಳಿಗೆ ಬ್ರೇಕರ್ ತರಿಸುತ್ತೇವೆ.

ಇದ್ದ ಗಿಡ ಕಾಯುವುದು

ಹೊಸ ಹತ್ತು ಸಸಿಗಿಂತ ನಿಂತ ಒಂದು ಬೇವು ಮೇಲು. ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿದ್ದರೆ ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಅದರ ಕೆಳಗೊಮ್ಮೆ, ಬಯಲಲ್ಲೊಮ್ಮೆ ನಿಂತು ನೋಡಲಿ.

ನಮ್ಮ ಪಕ್ಕದ ಓಣಿಯಲ್ಲಿ ಗಟಾರಿನ ಗೆರೆ ಸರಿಯಾಗಿ ಒಂದು ಬೇವಿನ ಬುಡಕ್ಕೆ ಬಂತು. "ಗಟಾರ ಸೀದಾ ಹೋಗಬೇಕಲ್ರಿ ಸಾಹೇಬ್ರ, ಗಿಡ ತೆಗೀಲಿಕ್ಕೇ ಬೇಕು" ಎಂದ ಗುತ್ತೇದಾರರ ಹುಡುಗ. "ನೀರಿಗೆ ತಿರುಗಾಕ ಬರ್ತದಪ್ಪಾ, ಗಿಡಕ್ಕ ಬರೂದಿಲ್ಲ" ಎಂದೆ. ಒಂದೂವರೆ ಅಡಿ ಬಾಗಿಸಿದರು. ಬಾಗು ಇರುವಲ್ಲಿ ಕಸ ಕಟ್ಟಿಕೊಳ್ಳುವ ಭಯವಿದ್ದುದರಿಂದ ಮೇಲೆ ಎತ್ತಿ ತೆಗೆಯುವಂಥ ಶಹಾಬಾದ್ ಪರ್ಸಿ ಕಲ್ಲು ಮುಚ್ಚಿಸಿದೆವು. ನೀರು ಹರಿಯುತ್ತಿದೆ, ಬೇವಿನ ಕೆಳಗೆ ಇಸ್ತ್ರಿ ಗಾಡಿ ನಿಲ್ಲುತ್ತದೆ.

ಕೆಲಸದ ದಿನಗಳಲ್ಲಿ ಕಾಂಡದ ಸುತ್ತ ಆರು ಅಡಿಯಾದರೂ ಬಿಟ್ಟು ಹಗ್ಗ ಕಟ್ಟಿ. ಅದರೊಳಗೆ ಖಡಿ ಸುರಿಯಬಾರದು, ಮಿಕ್ಸರ್ ತೊಳೆದ ಸಿಮೆಂಟ್ ನೀರು ಚೆಲ್ಲಬಾರದು, ಜೆಸಿಬಿ ಬಕೆಟ್ ಇಳಿಯಬಾರದು. ಅಗೆಯಲೇಬೇಕಾದರೆ ಹಾರೆ ಸಲಿಕೆಯಿಂದ ಅಗೆಸಿ. ದಪ್ಪ ಬೇರು ಅಡ್ಡ ಬಂದರೆ ಜೆಸಿಬಿಯಿಂದ ಕಿತ್ತು ಸೀಳುವ ಬದಲು ಗರಗಸದಿಂದ ನೀಟಾಗಿ ಕೊಯ್ಯಿಸಿ. ಒಂದೇ ಬದಿಯ ಬೇರೆಲ್ಲ ಕಡಿದರೆ ಮುಂದಿನ ಗಾಳಿಮಳೆಗೆ ಗಿಡ ಉರುಳುವುದು ಎದುರಿನ ಮನೆಯ ಮೇಲೆ.

ಬುಡದ ಸುತ್ತ ಕಾಂಕ್ರೀಟು ಬಿಗಿದಿದ್ದರೆ ಒಡೆಸಿ. ದೆಹಲಿಯ ಮರಗಳ ವಿಚಾರದಲ್ಲಿ 2013ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರದ ಸುತ್ತ ಒಂದು ಮೀಟರು ಕಾಂಕ್ರೀಟು ತೆಗೆಯಲು ಆದೇಶಿಸಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಬಹುದು. ಕಡಿಯುವ ಮಾತು ಬಂದರೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಪತ್ರ ತೋರಿಸಿ ಎಂದು ಕೇಳಿ. ಜೋರು ಮಾಡುವುದು ಬೇಡ, ಪತ್ರ ಕೇಳಿದರೆ ಸಾಕು.

ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ತಾಜ್ ಬಾವಡಿ ಇಂಥ ರಕ್ಷಿತ ಸ್ಮಾರಕಗಳ ಪಕ್ಕದವರಿಗೆ ಇನ್ನೊಂದು ನಿಯಮವಿದೆ: ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆ ಇನ್ನೂ 200 ಮೀಟರು ಅನುಮತಿ ಬೇಕಾದ ವಲಯ. ಕಟ್ಟೆ, ಕಮಾನು, ಕಾರಂಜಿ ಎಂದು ಯೋಜನೆ ಹಾಕುವ ಮುಂಚೆ ಪುರಾತತ್ವ ಇಲಾಖೆಯ ಕಚೇರಿಗೆ ಹೋಗಿ ಬನ್ನಿ. ಹಳೆಯ ಕೋಟೆ ಗೋಡೆಯ ಹತ್ತಿರ ಅರಳಿ, ಆಲ ಮಾತ್ರ ಬೇಡವೇ ಬೇಡ. ಕಲ್ಲಿನ ಸಂದಿಗೆ ಬೇರು ಬಿಟ್ಟರೆ ಗೋಡೆ ಸೀಳುತ್ತದೆ.

ಗುಂಡಿ ಮತ್ತು ಸಸಿ

ಗುಂಡಿ ಮೂರು ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಇದರಲ್ಲಿ ಚೌಕಾಸಿ ಬೇಡ. ಅಡಿಗೆ ಕಲ್ಲು ಬಂದರೆ ಬ್ರೇಕರ್ ಇರುವ ದಿನವೇ ಒಡೆಸಿಕೊಳ್ಳಿ. ತೆಗೆದ ಎರೆ ಮಣ್ಣನ್ನೇ ಪೂರ್ತಿ ವಾಪಸ್ ತುಂಬಬೇಡಿ: ಎರೆ ಒಂದು ಪಾಲು, ಮಸಾರಿ (ಕೆಂಪು ಮಣ್ಣು) ಅಥವಾ ಸಣ್ಣ ಗರಸು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು, ಮೇಲೆ ಎರಡು ಹಿಡಿ ಬೇವಿನ ಹಿಂಡಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲಿಗೆ ಆಮಂತ್ರಣ ಕೊಟ್ಟಂತೆ.

ಗುಂಡಿಯ ಒಂದು ಮೂಲೆಗೆ ನಾಲ್ಕಿಂಚಿನ ಪಿವಿಸಿ ಪೈಪಿನ ಎರಡೂವರೆ ಅಡಿ ತುಂಡು ನಿಲ್ಲಿಸಿ. ಸುತ್ತ ಡ್ರಿಲ್ಲಿನಿಂದ ತೂತು ಹೊಡೆದು, ಒಳಗೆ ಖಡಿ ತುಂಬಿ. ನೀರು ಅದರೊಳಗೆ ಹಾಕುವುದು. ಮೇಲೆ ಸುರಿದ ನೀರಿನಲ್ಲಿ ಅರ್ಧ ನಮ್ಮ ಬಿಸಿಲೇ ಕುಡಿಯುತ್ತದೆ, ಬೇರೂ ಮೇಲೆ ಮೇಲೆ ಹರಡಿ ಪೇವರ್ಸ್ ಎತ್ತುತ್ತದೆ. ಪೈಪಿನ ನೀರು ಕೆಳಗಿಳಿದರೆ ಬೇರೂ ಕೆಳಗಿಳಿಯುತ್ತದೆ.

ಯಾವ ಗಿಡ ಎಂಬುದಕ್ಕೆ ಮೊದಲು ಮೇಲೆ ನೋಡಿ. ಹೆಸ್ಕಾಂ ತಂತಿ ಇರುವ ಬದಿಗೆ ಎತ್ತರದ ಗಿಡ ನೆಟ್ಟರೆ ಪ್ರತಿ ವರ್ಷ ತಲೆ ಕಡಿಸಿಕೊಂಡು ಮೊಂಡಾಗಿ ನಿಲ್ಲುತ್ತದೆ. ಅಲ್ಲಿ ಬಸವನಪಾದ, ದೇವಕಣಗಿಲೆಯಂಥ ಚಿಕ್ಕವು ಸಾಕು. ತಂತಿ ಇಲ್ಲದ ಬದಿಗೆ ಬೇವು, ಹೊಂಗೆ. ಜಾಗ ಅಗಲವಿದ್ದರೆ ನೇರಳೆ, ಹುಣಸೆ. ನೇರಳೆ ಹಣ್ಣು ಬಿದ್ದು ಪೇವರ್ಸ್ ನೀಲಿಯಾಗುತ್ತದೆ ಎಂದು ಒಬ್ಬರು ತಕರಾರು ತೆಗೆದರು. ಆಗಲಿ ಬಿಡಿ, ಮಕ್ಕಳು ಆರಿಸಿ ತಿನ್ನುತ್ತಾರೆ. ಗುಲ್‌ಮೊಹರ್ ಹೂಬಿಟ್ಟಾಗ ಚೆಂದ, ಕೊಂಬೆ ಮಾತ್ರ ಮೆದು, ಗಾಳಿಗೆ ಮುರಿಯುತ್ತದೆ. ಕಾರು ನಿಲ್ಲಿಸುವ ಕಡೆ ಬೇಡ. ಬೇಗ ಹಸಿರಾಗುತ್ತದೆ ಎಂದು ನರ್ಸರಿಯವರು ಕೊನೋಕಾರ್ಪಸ್ ಹಚ್ಚಲು ನೋಡುತ್ತಾರೆ, ತರಬೇಡಿ. ಅದರ ಬೇರು ನೀರಿನ ಪೈಪು, ಗಟಾರು ಹುಡುಕಿಕೊಂಡು ಹೋಗುತ್ತದೆ. ಗುಜರಾತ್ ಸರಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ದೊಡ್ಡ ರಸ್ತೆಯ ಡಿವೈಡರಿಗೆ ಕಣಗಿಲೆ, ಕಾಗದದ ಹೂ ಇವೇ ಸರಿ. ಕಣಗಿಲೆಗೆ ಆಡು ಬಾಯಿ ಹಾಕುವುದಿಲ್ಲ, ಎದುರಿನ ಗಾಡಿಯ ಲೈಟೂ ತಡೆಯುತ್ತದೆ. ಆದರೆ ಅದು ವಿಷದ ಗಿಡ, ಶಾಲೆಯ ಮುಂದೆ ನೆಡಬೇಡಿ.

ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಮುಂದೆ ಮೊದಲ ಗಿಡ ಹೋಗಲಿ. ಎದೆಯೆತ್ತರ ಬೆಳೆದ, ಕಾಂಡ ಬಲಿತ ಸಸಿ ಆರಿಸಿ. ಮೊಳದುದ್ದದ್ದು ರಸ್ತೆ ಬದಿಯಲ್ಲಿ ಬದುಕುವುದಿಲ್ಲ. ಚೀಲ ಬಿಚ್ಚಿದಾಗ ಬೇರು ಸುರುಳಿ ಸುತ್ತಿಕೊಂಡಿದ್ದರೆ ಬ್ಲೇಡಿನಿಂದ ಎರಡು ಮೂರು ಕಡೆ ಸೀಳಿ ನೆಡಿ.

ಯಾವಾಗ ನೆಡಬೇಕು? ಮೃಗಶಿರೆ ಒಂದು ಸಲ ಆಸೆ ತೋರಿಸಿ ಜುಲೈಯೆಲ್ಲ ಕೈಕೊಡುವುದು ನಮ್ಮ ಕಡೆ ಮಾಮೂಲು. ಟ್ಯಾಂಕರಿನ ವ್ಯವಸ್ಥೆ ಇದ್ದವರು ಜೂನಿನಲ್ಲಿ ನೆಡಲಿ. ಇಲ್ಲದವರು ಗುಂಡಿ ತೋಡಿ ಬಿಟ್ಟು, ಸೆಪ್ಟೆಂಬರಿನ ಹುಬ್ಬಿ ಉತ್ತರಿ ಮಳೆಗೆ ಕಾಯುವುದೇ ವಾಸಿ. ಆಗ ನೆಲವೂ ತಣಿದಿರುತ್ತದೆ, ಬೇಸಿಗೆಗೆ ಆರು ತಿಂಗಳು ಎದುರಿಗಿರುತ್ತದೆ.

ಎರಡು ಬೇಸಿಗೆ

ಫೆಬ್ರುವರಿಯಿಂದ ಮಳೆ ಬರುವ ತನಕ ವಾರಕ್ಕೆರಡು ಸಲ, ಸಲಕ್ಕೆ ಎರಡು ಕೊಡ, ಪೈಪಿನೊಳಗೆ. ದಿನಾ ಒಂದು ತಂಬಿಗೆ ಹಾಕುವುದಕ್ಕಿಂತ ಇದು ಒಳ್ಳೆಯದು. ಬಟ್ಟೆ ಒಗೆದ ಸಾಬೂನಿನ ನೀರು, ಆರ್‌ಒ ಮಷೀನಿನ ಬಿಟ್ಟ ನೀರು ಸಣ್ಣ ಗಿಡಕ್ಕೆ ಬೇಡ. ಎರಡರಲ್ಲೂ ಉಪ್ಪಿನಂಶ ಹೆಚ್ಚು, ನಮ್ಮ ಎರೆ ಮೊದಲೇ ಕ್ಷಾರ. ತರಕಾರಿ, ಬೇಳೆ, ಅಕ್ಕಿ ತೊಳೆದ ನೀರಾದರೆ ಧಾರಾಳ ಹಾಕಿ. ಬುಡಕ್ಕೆ ಕಬ್ಬಿನ ರವದಿ (ಒಣಗಿದ ಎಲೆ) ನಾಲ್ಕು ಇಂಚು ಹೊದಿಸಿ, ಕಾಂಡಕ್ಕೆ ಮಾತ್ರ ತಾಗಬಾರದು.

ಆಡಿನಿಂದ ಕಾಯಲು ಕಬ್ಬಿಣದ ಗಾರ್ಡೇ ಬೇಕೆಂದಿಲ್ಲ, ಅದು ಕಳುವಾಗುವುದೂ ಉಂಟು. ತೊಗರಿ ಕಟ್ಟಿಗೆಯನ್ನು ಸುತ್ತ ಒತ್ತಾಗಿ ನೆಟ್ಟು, ನಡುವೆ ಒಂದಿಷ್ಟು ಜಾಲಿ ಮುಳ್ಳು ಹೆಣೆದರೆ ಒಂದು ವರ್ಷ ಬರುತ್ತದೆ, ಯಾರೂ ಕದಿಯುವುದಿಲ್ಲ. ನಿಮ್ಮೂರಿನಿಂದ ಬರುವ ಟ್ರ್ಯಾಕ್ಟರಿನವರಿಗೆ ಹೇಳಿದರೆ ತಂದು ಹಾಕುತ್ತಾರೆ.

ಗಿಡಕ್ಕೊಂದು ಮನೆಯ ಹೆಸರು ಹಚ್ಚಿ. ಓಣಿಯ ಜವಾಬ್ದಾರಿ ಎಂದರೆ ಯಾರೂ ನೀರು ಹಾಕುವುದಿಲ್ಲ, "ಇದು ಬಾಯಾರ ಮನಿ ಗಿಡ" ಎಂದರೆ ಬಾಯಾರು ಊರಿಗೆ ಹೋಗುವಾಗಲೂ ಪಕ್ಕದವರಿಗೆ ಹೇಳಿ ಹೋಗುತ್ತಾರೆ. ಕಟ್ಟಿದ ಆಸರೆ ಕೋಲಿನ ಹಗ್ಗವನ್ನು ಆರು ತಿಂಗಳಿಗೊಮ್ಮೆ ಸಡಿಲಿಸಿ, ಮರೆತರೆ ಕಾಂಡದೊಳಗೆ ಹೂತುಕೊಳ್ಳುತ್ತದೆ. ಎರಡನೇ ವರ್ಷ, ಮಳೆಗಾಲ ಮುಗಿದ ಮೇಲೆ, ಆರು ಅಡಿಯ ಕೆಳಗಿನ ಕೊಂಬೆ ಸವರಿ. ನಡೆಯುವವರ ಕಣ್ಣಿಗೆ ಬಡಿಯಬಾರದು, ಸ್ಕೂಲ್ ಬಸ್ಸಿಗೂ ತಾಗಬಾರದು. ಮೂರನೇ ಬೇಸಿಗೆಗೆ ನೀರನ್ನು ಹದಿನೈದು ದಿನಕ್ಕೊಮ್ಮೆ ಇಳಿಸಿ, ಬೇವಾದರೆ ಪೂರ್ತಿ ನಿಲ್ಲಿಸಿದರೂ ನಡೆಯುತ್ತದೆ. ಪೈಪಿನ ಬಾಯಿಗೆ ಬೂಚು ಹಾಕುವುದನ್ನು ಮಾತ್ರ ಮರೆಯಬೇಡಿ, ತೆರೆದಿಟ್ಟರೆ ಗುಟ್ಕಾ ಚೀಟಿಯಿಂದ ತುಂಬಿಹೋಗುತ್ತದೆ.